ಒಂದು ಹನಿ ರಕ್ತದ ಸಾಕ್ಷ್ಯ

ದೊಡ್ಡ ಕರುಳಿನ ತುದಿಯಲ್ಲಿ, ಒಂದು ಗೇಣಿಗಿಂತಲೂ ಕಡಮೆ ಉದ್ದವಾದ ಭಾಗವೇ ಗುದನಾಳ. ಅಲ್ಲಿ ಕ್ಯಾನ್ಸರ್ ಗಡ್ಡೆ ಹುಟ್ಟಿದರೆ ರೋಗಿಯನ್ನು ಎರಡು ಚಿಂತೆಗಳು ಕಾಡುತ್ತವೆ: ಪ್ರಾಣ ಉಳಿದೀತೆ ಎಂಬುದೊಂದು, ಉಳಿದರೆ ಮುಂದಿನ ಬಾಳು ಹೇಗೆ ಎಂಬುದು ಮತ್ತೊಂದು. ಗಡ್ಡೆ ಗುದದ್ವಾರಕ್ಕೆ ತೀರ ಸಮೀಪದಲ್ಲಿದ್ದರೆ ಶಸ್ತ್ರವೈದ್ಯರು ಆ ದ್ವಾರವನ್ನೂ ತೆಗೆಯಬೇಕಾಗಬಹುದು. ಆ ಬಳಿಕ ಹೊಟ್ಟೆಯ ಮೇಲೆ ಮಾಡಿದ ದ್ವಾರಕ್ಕೆ ಚೀಲವನ್ನು ಅಂಟಿಸಿಕೊಂಡೇ ಜೀವಮಾನವನ್ನು ಕಳೆಯಬೇಕು.

ರೋಗ ಬಲಿತಿದ್ದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ವಿಕಿರಣವನ್ನೂ ಔಷಧವನ್ನೂ ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದು ರೂಢಿ. ಹೀಗೆ ಮಾಡಿದ ಮೇಲೆ ಕತ್ತರಿಸಿ ತೆಗೆದ ಭಾಗವನ್ನು ಪರೀಕ್ಷಿಸಿದಾಗ, ನೂರರಲ್ಲಿ ಸುಮಾರು 15 ಮಂದಿಯಲ್ಲಿ ಕ್ಯಾನ್ಸರಿನ ಒಂದು ಕಣವೂ ಉಳಿದಿರಲಿಲ್ಲವೆಂಬುದು ಕಂಡುಬಂದಿತು. ಹಾಗಾದರೆ ಅವರಿಗೆ ಶಸ್ತ್ರಚಿಕಿತ್ಸೆ ಬೇಕಾಗಿತ್ತೆ?

ಬ್ರೆಜಿಲಿನ ಶಸ್ತ್ರವೈದ್ಯೆ ಆಂಜೆಲಿಟಾ ಹಬ್ರ್-ಗಾಮಾ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 265 ರೋಗಿಗಳ ಪೈಕಿ ಗಡ್ಡೆ ಸಂಪೂರ್ಣವಾಗಿ ಮಾಯವಾದಂತೆ ತೋರಿದ 71 ಮಂದಿಗೆ ಶಸ್ತ್ರಚಿಕಿತ್ಸೆ ಮಾಡದೆ, ಅವರನ್ನು ಎಚ್ಚರದಿಂದ ಗಮನಿಸುತ್ತ ಬಂದ ವರದಿಯನ್ನು 2004ರಲ್ಲಿ ಅವರ ತಂಡ ಪ್ರಕಟಿಸಿತು. ಆದರೆ ಕಣ್ಣಿಗೆ ಕಾಣದುದೆಲ್ಲ ಇಲ್ಲವೆಂದು ಹೇಳಲಾಗದು. ಹೀಗೆ ಕಾದ 880 ರೋಗಿಗಳ ವಿವರವು 2018ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳೊಳಗೆ ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಗಡ್ಡೆ ಅದೇ ಸ್ಥಳದಲ್ಲಿ ಮತ್ತೆ ತಲೆಯೆತ್ತಿತ್ತು. ಯಾರು ಕಾಯಬಹುದು, ಯಾರು ಕಾಯಬಾರದು ಎಂಬುದನ್ನು ರಕ್ತವು ಮುಂದಾಗಿ ತಿಳಿಸಬಲ್ಲುದೆ ಎಂಬ ಶೋಧನೆಯ ಮಹತ್ವವಿರುವುದು ಇಲ್ಲಿಯೇ.

ಈ ಶೋಧನೆಯಲ್ಲಿ ಹಳೆಯ ಸೂಚಕವೆಂದರೆ ಸಿ.ಇ.ಎ. ಎಂಬ ವಸ್ತು. ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯಲ್ ಫ್ರೀಡ್‌ಮನ್ ಇದನ್ನು 1965ರಲ್ಲಿ ಗುರುತಿಸಿದರು. ಗರ್ಭಸ್ಥ ಶಿಶುವಿನ ಕರುಳಿನಲ್ಲಿ ಇದು ಹೇರಳ. ಹುಟ್ಟಿದ ಮೇಲೆ ಅತ್ಯಲ್ಪ. ಕ್ಯಾನ್ಸರ್ ಬಂದಾಗ ಮತ್ತೆ ಏರಬಹುದು. ಚಿಕಿತ್ಸೆಗೆ ಮೊದಲು ಇದರ ಪ್ರಮಾಣ ಮಿಲಿಲೀಟರಿಗೆ 5 ನ್ಯಾನೋಗ್ರಾಮಿಗಿಂತ ಕಡಮೆಯಿದ್ದವರಲ್ಲಿ ಗಡ್ಡೆ ಚಿಕಿತ್ಸೆಗೆ ಮಣಿಯುವ ಸಂಭವ ಹೆಚ್ಚು. ಆದರೆ ಧೂಮಪಾನದಿಂದಲೂ ಯಕೃತ್ತಿನ ರೋಗದಿಂದಲೂ ಇದು ಏರುವುದುಂಟು. ಕೆಲವು ಗಡ್ಡೆಗಳು ಇದನ್ನು ಹೊರಬಿಡುವುದೇ ಇಲ್ಲ.

ಹೊಸ ಸೂಚಕವು ಇನ್ನೂ ಸೂಕ್ಷ್ಮವಾದುದು. ಸಾಯುವ ಜೀವಕೋಶಗಳು ತಮ್ಮ ಡಿ.ಎನ್.ಎ. ತುಣುಕುಗಳನ್ನು ರಕ್ತಕ್ಕೆ ಚೆಲ್ಲುತ್ತವೆ. ರಕ್ತದ್ರವದಲ್ಲಿ ಇಂಥ ವಸ್ತುವಿದೆಯೆಂದು ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆಟೇ 1948ರಲ್ಲೇ ತೋರಿಸಿದ್ದರು. ಕ್ಯಾನ್ಸರಿನ ತುಣುಕುಗಳಲ್ಲಿ ಆ ಗಡ್ಡೆಗೇ ವಿಶಿಷ್ಟವಾದ ವ್ಯತ್ಯಾಸಗಳಿರುವುದರಿಂದ ಅವುಗಳನ್ನು ಬೇರೆಯಾಗಿ ಗುರುತಿಸಬಹುದು. ಸಿ.ಇ.ಎ. ಅರ್ಧಕ್ಕಿಳಿಯಲು ಕೆಲವು ದಿನಗಳೇ ಬೇಕು. ಈ ತುಣುಕುಗಳಿಗೆ ಕೆಲವೇ ಗಂಟೆಗಳು ಸಾಕು. ಆದುದರಿಂದ ಇವು ಈ ಹೊತ್ತಿನ ಸ್ಥಿತಿಯನ್ನೇ ತಿಳಿಸುತ್ತವೆ. ಚಿಕಿತ್ಸೆ ಮುಗಿದ ಮೇಲೂ ಇವು ಉಳಿದಿದ್ದರೆ, ಯಕೃತ್ತು ಅಥವಾ ಶ್ವಾಸಕೋಶದಲ್ಲಿ ರೋಗ ಮರುಕಳಿಸುವ ಭಯ ಹೆಚ್ಚು.

ಆದರೆ ತುಣುಕು ಸಿಗಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಗುದನಾಳದಲ್ಲಿ ಉಳಿದ ಸಣ್ಣ ಗಡ್ಡೆಯು ರಕ್ತಕ್ಕೆ ಏನನ್ನೂ ಚೆಲ್ಲದೆಯೂ ಇರಬಹುದು. ಈ ಕಾರಣದಿಂದ ವೈದ್ಯರ ಬೆರಳಿನ ಪರೀಕ್ಷೆ, ದರ್ಶಕ ನಳಿಕೆಯಿಂದ ಒಳಭಾಗವನ್ನು ನೋಡುವುದು, ಎಂ.ಆರ್.ಐ. ಚಿತ್ರ—ಇವು ಮೂರೂ ಇಂದಿಗೂ ಮುಖ್ಯ ಆಧಾರಗಳು. ರಕ್ತಪರೀಕ್ಷೆ ಇವಕ್ಕೆ ಬೆಂಬಲ ಮಾತ್ರ. ಶಸ್ತ್ರಚಿಕಿತ್ಸೆಯನ್ನು ತಪ್ಪಿಸಿಕೊಳ್ಳಬೇಕೆಂಬ ಆಸೆ ಸಹಜವಾದುದೇ. ಆದರೆ ಆ ದಾರಿಯನ್ನು ಹಿಡಿದವರು, ಮೈ ಸ್ವಸ್ಥವಾಗಿದೆಯೆಂದು ತೋರಿದರೂ, ಕೆಲವು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷೆಗೆ ಹೋಗಲೇಬೇಕು. ಮರಳಿ ಬಂದ ಗಡ್ಡೆ ಬೇಗ ಕಂಡುಬಂದರೆ, ಅನೇಕರಿಗೆ ಆಗಲೂ ಶಸ್ತ್ರಚಿಕಿತ್ಸೆಯಿಂದ ಗುಣ ಹೊಂದುವ ಅವಕಾಶ ಉಳಿದಿರುತ್ತದೆ.