ನಾಲ್ಕು ರಿಮೋಟಿನ ಮನೆ

“ವಯಸ್ಸಾದವರಿಗೆ ಟೆಕ್ನಾಲಜಿ ಹತ್ತಲ್ಲ ಬಿಡ್ರೀ” ಅನ್ನೋ ಮಾತು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳುವವರು ನನ್ನಂಥ ಇಂಜಿನಿಯರುಗಳೇ. ಈ ಮಾತು ಸುಳ್ಳು. ವಸ್ತು ತಯಾರಿಸಿದವರ ತಪ್ಪನ್ನು ಅವ್ವ-ಅಪ್ಪನ ತಲೆಗೆ ಕಟ್ಟೋಕೆ ಹುಟ್ಟಿಸಿದ ಸುಳ್ಳು.

ದಾವಣಗೆರೆ ವಿನೋಬನಗರದ ನಮ್ಮ ಮನೆಯ ಟೀಪಾಯಿ ಮೇಲೆ ನಾಲ್ಕು ರಿಮೋಟಿವೆ. ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಹೋಮ್ ಥಿಯೇಟರಿಗೊಂದು, ಫೈರ್ ಸ್ಟಿಕ್ಕಿಗೊಂದು. ಏಳು ಗಂಟೆ ವಾರ್ತೆ ನೋಡಬೇಕೆಂದರೆ ಅವ್ವ ಮೂರು ರಿಮೋಟನ್ನು ಸರಿಯಾದ ಕ್ರಮದಲ್ಲಿ ಒತ್ತಬೇಕು. ಕೈತಪ್ಪಿ ‘ಸೋರ್ಸ್’ ಬಟನ್ ಒತ್ತಿದರೆ ಮುಗೀತು, ‘ನೋ ಸಿಗ್ನಲ್’. ಮೊದಮೊದಲು ಬೆಂಗಳೂರಿಗೆ ಫೋನ್ ಬರುತ್ತಿತ್ತು: “ಟಿವಿ ಕೆಟ್ಟೋಗೈತಪ್ಪ.” ಈಗ ಅದೂ ಇಲ್ಲ. “ನೀನು ಬಂದಾಗ ಹಾಕಿಕೊಡೋವಂತೆ ಬಿಡು” ಅನ್ನುತ್ತಾಳೆ. ತನ್ನ ಮನೆಯ ಟಿವಿ ನೋಡೋಕೆ ಮಗನ ರಜೆಗೆ ಕಾಯಬೇಕಾದ ಸ್ಥಿತಿ ಇದು.

ಇದೇ ಅವ್ವ ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಇಪ್ಪತ್ತು ವರ್ಷ ಬೋರ್‌ವೆಲ್ ಮೋಟರು ನಡೆಸಿದವಳು. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಎದ್ದು ಹೋಗಿ ಸ್ಟಾರ್ಟರಿನ ಹಸಿರು ಬಟನ್ ಒತ್ತುತ್ತಿದ್ದಳು. ಮೋಟರು ಗುಂಯ್ ಅಂದ ಕೂಡಲೇ ಒಂದು ಫೇಸ್ ಹೋಗಿದೆ ಅಂತ ಸದ್ದಿನಲ್ಲೇ ಹಿಡಿದು, ಕೆಂಪು ಒತ್ತಿ ನಿಲ್ಲಿಸಿ ಕಾಯಿಲ್ ಸುಡದಂತೆ ಉಳಿಸುತ್ತಿದ್ದಳು. ಬಿಇ ಮುಗಿಸಿದ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಬರುತ್ತೆ, ಹೇಳಿ? ಅವಳಿಗೆ ಟೆಕ್ನಾಲಜಿ ಹತ್ತಿತ್ತು. ಹಸಿರು ಅಂದರೆ ಶುರು, ಕೆಂಪು ಅಂದರೆ ಬಂದ್, ಯಾವ ಕಂಪನಿಯ ಸ್ಟಾರ್ಟರ್ ಆದರೂ ಅಷ್ಟೇ.

ಇನ್ನು ಟಿವಿ ಕಂಪನಿಗಳನ್ನು ನೋಡಿ. ಮಾಮೂಲಿ ರಿಮೋಟಿನಿಂದ ಬರೋದು ಕಣ್ಣಿಗೆ ಕಾಣದ ಬೆಳಕು, ಬಹುಪಾಲು ಸೆಕೆಂಡಿಗೆ 38,000 ಸಲ ಮಿನುಗುವಂಥದ್ದು. ಬೆಳಕು ಒಂದೇ ಥರ, ಆದರೆ ಅದರಲ್ಲಿ ಕಳಿಸುವ ಸಂಕೇತ ಒಬ್ಬೊಬ್ಬರದು ಒಂದೊಂದು. ಎಚ್‌ಡಿಎಂಐ ಕೇಬಲ್ಲಿನಲ್ಲೇ ಒಂದು ಸಾಧನ ಇನ್ನೊಂದಕ್ಕೆ ಆಜ್ಞೆ ಕೊಡುವ ಸಿಇಸಿ ಅನ್ನೋ ವ್ಯವಸ್ಥೆ ಇದೆ, 2005ರ ಹೊತ್ತಿಗೇ ಅದರ ನಿಯಮ ಬರೆದಾಗಿತ್ತು. ಅದನ್ನೇ ಸೋನಿ ‘ಬ್ರಾವಿಯಾ ಸಿಂಕ್’ ಅಂತು, ಸ್ಯಾಮ್‌ಸಂಗ್ ‘ಎನಿನೆಟ್ ಪ್ಲಸ್’ ಅಂತು, ಎಲ್‌ಜಿ ‘ಸಿಂಪ್‌ಲಿಂಕ್’ ಅಂತು. ಒಂದೇ ಕೂಸಿಗೆ ಮೂರು ಹೆಸರು. ಸೆಟ್ಟಿಂಗ್ಸಿನಲ್ಲಿ ಹುಡುಕೋರು ಹುಡುಕುತ್ತಲೇ ಇರಬೇಕು. ನಮ್ಮ ದೇಶದಲ್ಲಿ ಮಿಕ್ಸಿ ಯಾವುದೇ ತನ್ನಿ, ಪ್ಲಗ್ಗು ಗೋಡೆಗೆ ಕೂರುತ್ತದೆ, ಯಾಕಂದರೆ ಐಎಸ್ 1293 ಅಂತ ಮಾನಕವಿದೆ. ಯುರೋಪಿನಲ್ಲಿ ಕಾನೂನು ಬಂದ ಮೇಲೆ 2024ರ ಕೊನೆಯಿಂದ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯವಾಯಿತು. ಮನಸ್ಸು ಮಾಡಿದರೆ ಆಗುತ್ತದೆ. ರಿಮೋಟಿನ ವಿಷಯದಲ್ಲಿ ಮನಸ್ಸು ಮಾಡಿಲ್ಲ, ಅಷ್ಟೇ.

ಅಲ್ಲಿವರೆಗೆ ಯೂನಿವರ್ಸಲ್ ರಿಮೋಟೇ ಗತಿ. ಆರಿಸುವಾಗ ನಮ್ಮವರು ಮೊದಲು ಹೇಳೋದು, “ಫೋನಲ್ಲಿ ಆ್ಯಪ್ ಹಾಕಿದ್ರಾಯ್ತಲ್ಲ ಗುರು.” ಆಗಲ್ಲ. ಫೋನು ಒಬ್ಬರದು, ರಿಮೋಟು ಮನೆಯದು. ಮಗ ಭಾನುವಾರ ರಾತ್ರಿ ಬಸ್ಸು ಹತ್ತಿದರೆ ಫೋನಿನ ಜೊತೆ ರಿಮೋಟೂ ಬೆಂಗಳೂರಿಗೆ ಹೋಯಿತು ಅಂತಲೇ ಲೆಕ್ಕ.

ಎರಡನೆಯ ಸಲಹೆ: “ದುಬಾರಿದು ತಗೋ, ಎಲ್ಲಾ ಅದೇ ಮಾಡುತ್ತೆ.” ದುಬಾರಿ ರಿಮೋಟುಗಳ ರಾಜ ಅನ್ನಿಸಿಕೊಂಡಿದ್ದು ಲಾಜಿಟೆಕ್ಕಿನ ಹಾರ್ಮನಿ. ಒಂದು ಬಟನ್ ಒತ್ತಿದರೆ ಟಿವಿ, ಬಾಕ್ಸು, ಸ್ಪೀಕರು ಎಲ್ಲ ಒಟ್ಟಿಗೆ ಏಳುತ್ತಿದ್ದವು. ಆದರೆ ಅದನ್ನು ಹೊಂದಿಸೋಕೆ ಕಂಪನಿಯ ಸಾಫ್ಟ್‌ವೇರು, ಕಂಪನಿಯ ಸರ್ವರು ಬೇಕು. 2021ರ ಏಪ್ರಿಲ್‌ನಲ್ಲಿ ತಯಾರಿಕೆ ನಿಲ್ಲಿಸಿದ್ದೇವೆ ಅಂತ ಕಂಪನಿ ಹೇಳಿತು. ಸರ್ವರು ನಡೆಸುತ್ತೇವೆ ಅಂತಲೂ ಹೇಳಿತು ಅನ್ನಿ, ಆದರೆ ಎಲ್ಲಿವರೆಗೆ ಅನ್ನೋದು ಅವರ ಕೈಲೇ ಉಳಿಯಿತು. ಮನೆಯ ಸ್ವಿಚ್ಚಿಗೆ ಪರದೇಶದ ಸರ್ವರಿನ ಅಪ್ಪಣೆ ಯಾಕೆ ಬೇಕು ಸ್ವಾಮಿ?

ನಾನು ಹೇಳೋದು ಇಷ್ಟು. ಆ್ಯಪ್ಪು, ಅಕೌಂಟು ಕೇಳದ ‘ಲರ್ನಿಂಗ್’ ರಿಮೋಟು ತಗೊಳ್ಳಿ. ಹಳೇ ರಿಮೋಟನ್ನು ಎದುರಿಗಿಟ್ಟು ಒತ್ತಿದರೆ ಇದು ಸಂಕೇತ ಕಲಿತುಕೊಳ್ಳುತ್ತದೆ. ಬಟನ್ ಕಡಿಮೆ ಇರಲಿ, ಉಬ್ಬಿರಲಿ, ಕತ್ತಲಲ್ಲಿ ಬೆರಳಿಗೆ ಸಿಗಲಿ. ಕೊಳ್ಳುವ ಮುಂಚೆ ಮನೆಯ ಪ್ರತಿ ರಿಮೋಟನ್ನೂ ಫೋನಿನ ಸೆಲ್ಫಿ ಕ್ಯಾಮರಾದ ಎದುರು ಹಿಡಿದು ಒತ್ತಿ ನೋಡಿ. ತುದಿಯಲ್ಲಿ ನಸುನೇರಳೆ ಬೆಳಕು ಮಿನುಗಿದರೆ ಲರ್ನಿಂಗ್ ರಿಮೋಟಿಗೆ ಕಲಿಸಬಹುದು. ಫೈರ್ ಸ್ಟಿಕ್ಕಿನದು ಮುಖ್ಯವಾಗಿ ಬ್ಲೂಟೂತ್, ಅದರ ಬಾಣದ ಬಟನ್ನುಗಳನ್ನು ಹೀಗೆ ಕಲಿಸೋಕಾಗಲ್ಲ. ಅದಕ್ಕೆ ಟಿವಿಯಲ್ಲಿ ಸಿಇಸಿ ಆನ್ ಮಾಡಿ, ಟಿವಿಯ ಸಂಕೇತದಿಂದಲೇ ನಡೆಯುತ್ತಾ ನೋಡಿ.

ಕೊನೆಯ ಪರೀಕ್ಷೆಯನ್ನು ನೀವು ಮಾಡಬೇಡಿ. ರಿಮೋಟನ್ನು ಅವ್ವನ ಕೈಗೆ ಕೊಟ್ಟು, ಏನೂ ಹೇಳದೆ ಬೀದಿ ಕೊನೆಯ ಅಂಗಡಿಗೆ ಹೋಗಿ ಚಾ ಕುಡಿದು ಬನ್ನಿ. ಬರುವ ಹೊತ್ತಿಗೆ ವಾರ್ತೆ ಓಡುತ್ತಿದ್ದರೆ ರಿಮೋಟು ಪಾಸು. ಇಲ್ಲದಿದ್ದರೆ ಫೇಲಾಗಿದ್ದು ರಿಮೋಟು, ಅವ್ವ ಅಲ್ಲ. ಅಂಗಡಿಗೆ ವಾಪಸ್ ಕೊಡಿ, ಯಾಕೆ ಅಂತ ಅವರಿಗೂ ಹೇಳಿ.

ಇದೇ ಪರೀಕ್ಷೆ ಆಫೀಸಿಗೂ ಬರಲಿ. ಮುಂದಿನ ಡಿಸೈನ್ ಮೀಟಿಂಗಿನಲ್ಲಿ ಯಾರಾದರೂ “ಯೂಸರ್ ಕಲ್ತ್ಕೋತಾರೆ ಬಿಡಿ” ಅಂದರೆ, ಯಾರು, ಯಾವಾಗ, ಯಾರ ರಜೆಯಲ್ಲಿ ಅಂತ ಕೇಳಿ.