ಚಿಗರಿ ಲೆಕ್ಕ ಕೊಡ್ರಿ, ಬಂದೂಕಿನ ಮಾತು ಆಮೇಲೆ

ಹುಬ್ಬಳ್ಳಿ–ಧಾರವಾಡದ ನಮ್ಮ ತಲೆಮಾರಿಗೆ ಚಿಗರಿ ಅಂದ್ರ ಬಸ್ಸು. 2018ರಲ್ಲಿ ಬಿಆರ್‌ಟಿಎಸ್ ಕಾರಿಡಾರಿಗೆ ಎಸಿ ಬಸ್ಸು ಇಳಿದಾಗ ಇಟ್ಟ ಹೆಸರದು. ತಂಪಿನಲ್ಲಿ ಕೂತು ಮೊಬೈಲ್ ನೋಡುತ್ತ ಧಾರವಾಡ ಮುಟ್ಟುತ್ತೇವೆ. ಹಾವೇರಿ, ಗದಗ, ಕೊಪ್ಪಳ ಕಡೆಯ ರೈತನಿಗೆ ಮಾತ್ರ ಚಿಗರಿ ಅಂದ್ರ ಇನ್ನೂ ಪ್ರಾಣೀನ. ಮುಂಗಾರಿನಲ್ಲಿ ಹೆಸರು, ಶೇಂಗಾ, ಗೋವಿನಜೋಳದ ಸಸಿ ನೆಲ ಬಿಟ್ಟು ನಾಲ್ಕು ಬೆರಳು ಎದ್ದಿತೋ ಇಲ್ಲವೋ, ಹಿಂಡು ಕಟ್ಟಿಕೊಂಡು ಬಂದು ಮೇಯ್ದು ಹೋಗುವ ಕೃಷ್ಣಮೃಗ.

ಈ ಎರಡು ಚಿಗರಿಗಳ ನಡುವೆ ಎಷ್ಟು ದೂರ ಇದೆ ಅನ್ನೋದು ಮೊನ್ನೆ ಹಳೇ ಹುಬ್ಬಳ್ಳಿಯಲ್ಲಿ, ಇಂಡಿಪಂಪ್ ಹತ್ತಿರ ಚಹಾ ಕುಡಿಯುವಾಗ ತಿಳಿಯಿತು. ನಮ್ಮ ಜೊತೆ ಎಂಜಿನಿಯರಿಂಗ್ ಓದಿದವನೊಬ್ಬ ಬೋಸ್ಟನ್ ಬಳಿ ಇದ್ದಾನೆ. ಎಚ್-1ಬಿ ಲಾಟರಿಯಲ್ಲಿ ಹೆಸರು ಬಂದು ಹೋದವನು, ಈಗ ಅಲ್ಲೇ ಬೇರು ಬಿಟ್ಟಿದ್ದಾನೆ. ಪಕ್ಕದ ಮೇಯ್ನ್ ರಾಜ್ಯದ ಮೂಸ್ ಬೇಟೆ ಲಾಟರಿಗೆ ವರ್ಷಾ ವರ್ಷಾ ಅರ್ಜಿ ಹಾಕ್ತಾನ. ಮೂಸ್ ಅಂದರೆ ಜಿಂಕೆ ಕುಲದಲ್ಲೇ ಜಗತ್ತಿನಲ್ಲಿ ದೊಡ್ಡದು, ಎತ್ತರದಲ್ಲಿ ಕುದುರೆಯನ್ನೂ ಮೀರಿಸುವಂಥದ್ದು. ಅವನ ಸುದ್ದಿ ಬಂದ ಕೂಡಲೇ ನಮ್ಮಲ್ಲೊಬ್ಬ ಅಂದ: "ಇಲ್ಲೂ ಹಿಂಗ ಲಾಟರಿ ಮಾಡಿ ಚಿಗರಿ ಹೊಡಿಯಾಕ ಪರ್ಮಿಟ್ ಕೊಡಬೇಕು ನೋಡ್ಲೇ. ರೈತರಿಗೂ ಆರಾಮ, ಸರ್ಕಾರಕ್ಕೂ ರೊಕ್ಕ." ಕೂತವರೆಲ್ಲ ಹೌದಂದ್ರು. ಒಬ್ಬ ಆಗಲೇ ಯಾವ ರೈಫಲ್ ಒಳ್ಳೇದು ಅಂತ ಹುಡುಕಲು ಶುರು ಮಾಡಿದ್ದ.

ಈ ಮಾತನ್ನು ನಾನು ಇನ್ನೂ ನಾಲ್ಕು ಕಡೆ ಕೇಳಿದ್ದೇನೆ. ಹೇಳುವವರು ಓದಿದವರು, ಒಳ್ಳೆಯ ಸಂಬಳದವರು, ಹೊಲವನ್ನು ಹೈವೇ ಮೇಲಿಂದ ಮಾತ್ರ ನೋಡುವವರು. ಮೇಯ್ನ್‌ನಿಂದ ಅವರು ತರಬೇಕು ಅನ್ನುತ್ತಿರುವ ವಸ್ತು ತಪ್ಪು ಅನ್ನುವುದು ನನ್ನ ತಕರಾರು. ಅಲ್ಲಿಂದ ತರುವಂಥದ್ದು ಒಂದಿದೆ, ಅದು ಬಂದೂಕಲ್ಲ.

ಮೊದಲು ಅಲ್ಲಿ ಏನಿದೆ ನೋಡೋಣ. 1930ರ ದಶಕದ ನಡುವಿನಿಂದ ಸುಮಾರು 45 ವರ್ಷ ಮೇಯ್ನ್‌ನಲ್ಲಿ ಮೂಸ್ ಬೇಟೆ ಬಂದ್ ಇತ್ತು, ಯಾಕಂದ್ರೆ ಪ್ರಾಣಿ ಕಡಿಮೆಯಾಗಿತ್ತು. ಸಂಖ್ಯೆ ಚೇತರಿಸಿಕೊಂಡ ಮೇಲೆ 1980ರಲ್ಲಿ ಬರೀ 700 ಪರ್ಮಿಟ್ ಇಟ್ಟು ಲಾಟರಿ ಎತ್ತಿದರು. ಬೇಟೆ ಬೇಡ ಅನ್ನುವವರು 1983ರಲ್ಲಿ ಜನಮತಕ್ಕೆ ಹೋದರು. ಜನ ವೋಟು ಹಾಕಿ, ಬೇಟೆ ಇರಲಿ ಅಂದರು. ಅಂದರೆ ಆ ಪದ್ಧತಿಯ ಹಿಂದೆ ಮುಚ್ಚಿದ ಕಾಲವೂ ಇದೆ, ಎಣಿಕೆಯೂ ಇದೆ, ಎಲ್ಲರೂ ಕೂಡಿ ಮಾಡಿದ ಜಗಳವೂ ಇದೆ. ಈಗ ಪರ್ಮಿಟ್ ನಾಲ್ಕು ಸಾವಿರದ ಆಸುಪಾಸು, ಅರ್ಜಿ ಹಾಕುವವರು ಹತ್ತಾರು ಸಾವಿರ. ಸೋತವನಿಗೆ ಮುಂದಿನ ವರ್ಷ ಬೋನಸ್ ಪಾಯಿಂಟ್. ಹೊರರಾಜ್ಯದವರಿಗೆ ನೂರಕ್ಕೆ ಹತ್ತರೊಳಗಿನ ಪಾಲು, ಶುಲ್ಕ ಹತ್ತು ಪಟ್ಟಿಗೂ ಹೆಚ್ಚು. ಜೂನ್‌ನಲ್ಲಿ ಡ್ರಾ, ಗೆದ್ದವರ ಹೆಸರು ಎಲ್ಲರಿಗೂ ಕಾಣುವಂತೆ ಪ್ರಕಟ. ಅಲ್ಲೂ ಬೆರಳೆಣಿಕೆಯ ಪರ್ಮಿಟ್ ಹರಾಜಿಗೆ ಹೋಗುತ್ತವೆ, ದುಡ್ಡಿದ್ದವನು ಕೊಳ್ಳುತ್ತಾನೆ. ಉಳಿದದ್ದೆಲ್ಲ ಡಬ್ಬಿಯಿಂದಲೇ ಬರಬೇಕು.

ಪರ್ಮಿಟ್ ಬಂದರೆ ಅದರಲ್ಲಿ ಯಾವ ವಲಯ, ಯಾವ ವಾರ, ಗಂಡೋ ಹೆಣ್ಣೋ ಎಲ್ಲ ಬರೆದಿರುತ್ತದೆ. ಲೈಸೆನ್ಸಿಗೆ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಪಾಸಾಗಬೇಕು. ತಿಂಗಳುಗಟ್ಟಲೆ ಮೊದಲೇ ಹೋಗಿ ಮರ ಸಾಗಿಸುವ ಕಚ್ಚಾ ರಸ್ತೆಗಳಲ್ಲಿ ಹೆಜ್ಜೆ, ಲದ್ದಿ, ಮುರಿದ ರೆಂಬೆ ನೋಡಿಕೊಂಡು ಬರಬೇಕು. ಗುಂಡು ಗುರಿ ಮುಟ್ಟುತ್ತದೋ ಇಲ್ಲವೋ ರೇಂಜಿನಲ್ಲಿ ಪರೀಕ್ಷೆ ಮಾಡಬೇಕು. ಹೆಣ್ಣು ಮೂಸ್ ಕೂಗುವ ಹಾಗೆ ಕೂಗಲು ಕಲಿಯಬೇಕು. ಕಿತ್ತಳೆ ಬಣ್ಣದ ಬಟ್ಟೆ ಹಾಕಬೇಕು, ಇಲ್ಲದಿದ್ದರೆ ಇನ್ನೊಬ್ಬನ ಗುಂಡಿಗೆ ನೀನೇ ಮೂಸ್. ಹೊಡೆದ ಮೇಲೆ ನಿಜವಾದ ಕೆಲಸ. ಮುನ್ನೂರು–ನಾನೂರು ಕಿಲೋ ಪ್ರಾಣಿಯನ್ನು ಕಾಡಿನಲ್ಲೇ ಕೊಯ್ದು ಪಾಲು ಮಾಡಬೇಕು, ಬಿಸಿಲೇರುವ ಮೊದಲು ಮಾಂಸವನ್ನು ಐಸಿಗೆ ಹಾಕಬೇಕು. ಹಗ್ಗ, ರಾಟೆ, ಬಟ್ಟೆ ಚೀಲ, ಜೊತೆಗೆ ನಾಲ್ಕು ಗಟ್ಟಿ ಆಳು. ನಮ್ಮ ಗೆಳೆಯನ ಪ್ರಕಾರ ಗುಂಡು ಹೊಡೆಯೋದು ಒಂದು ನಿಮಿಷ, ಉಳಿದದ್ದು ಹಮಾಲಿ.

ಆಮೇಲೆ ಒಂದು ಕೆಲಸ ಉಳಿಯುತ್ತದೆ. ಹೊಡೆದ ಪ್ರಾಣಿಯನ್ನು ಟ್ಯಾಗಿಂಗ್ ಸ್ಟೇಷನ್ನಿಗೆ ಒಯ್ದು ನೋಂದಾಯಿಸಲೇಬೇಕು. ಅಲ್ಲಿ ಜೀವವಿಜ್ಞಾನಿಗಳು ವಯಸ್ಸು ತಿಳಿಯಲು ಒಂದು ಹಲ್ಲು ತೆಗೆದುಕೊಳ್ಳುತ್ತಾರೆ, ಚರ್ಮದ ಮೇಲಿನ ಉಣ್ಣಿ ಎಣಿಸುತ್ತಾರೆ. ಚಳಿಗಾಲದ ಉಣ್ಣಿ ಹತ್ತಿ ಮರಿಗಳು ಸಾಯುತ್ತಿವೆ ಅಂತ 2014ರಿಂದ ಮರಿಗಳಿಗೆ ಜಿಪಿಎಸ್ ಕಾಲರ್ ಹಾಕಿ ನೋಡಿದರು. ಹೆಲಿಕಾಪ್ಟರಿನಿಂದ ಸಮೀಕ್ಷೆ ಮಾಡಿದರು. 2021ರಲ್ಲಿ ಒಂದು ವಲಯದಲ್ಲಿ ಮಾತ್ರ ಹೆಚ್ಚುವರಿ ಪರ್ಮಿಟ್ ಕೊಟ್ಟು, ದಟ್ಟಣೆ ಇಳಿದರೆ ಉಣ್ಣಿಯೂ ಇಳಿಯುತ್ತದೋ ಅಂತ ಪ್ರಯೋಗಕ್ಕೆ ಇಳಿದರು. ಪ್ರತಿ ವರ್ಷದ ಪರ್ಮಿಟ್ ಸಂಖ್ಯೆ ಈ ಲೆಕ್ಕದ ಮೇಲೆ ನಿಲ್ಲುತ್ತದೆ. ಲಾಟರಿ ಬರೋದು ಕೊನೆಗೆ, ಎಷ್ಟು ಅಂತ ಗೊತ್ತಾದ ಮೇಲೆ, ಯಾರಿಗೆ ಅನ್ನುವ ಪ್ರಶ್ನೆಗೆ.

ಈಗ ಇಲ್ಲಿಗೆ ಬನ್ನಿ. ನಮ್ಮಲ್ಲಿ ಎಷ್ಟು?

ಹುಲಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶಾದ್ಯಂತ ಗಣತಿ. 2022ರ ಲೆಕ್ಕದಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು. 2023ರಲ್ಲಿ ಆನೆ 6,395. ಇವನ್ನು ನಮ್ಮ ಆಫೀಸಿನ ಹುಡುಗರು ಕ್ವಿಜ್‌ಗೆ ಬಾಯಿಪಾಠ ಮಾಡ್ತಾರ. ಅದೇ ಹುಡುಗರನ್ನು ಕೇಳಿ: ಹೊಲದಲ್ಲಿ ಹುಟ್ಟಿ ಹೊಲದಲ್ಲಿ ಬೆಳೆಯುವ ಚಿಗರಿ ಗದಗ ಜಿಲ್ಲೆಯಲ್ಲಿ ಎಷ್ಟು? ಯಾವ ಹೋಬಳಿಯಲ್ಲಿ ಎಷ್ಟು ಎಕರೆ ಬೆಳೆ ಹೋಯಿತು? ಅದರ ಸುದ್ದಿಗೋಷ್ಠಿ ನೀವು ಯಾವಾಗ ನೋಡಿದಿರಿ? ಕೃಷ್ಣಮೃಗ ಅಂದರೆ ನಮಗೆ ನೆನಪಾಗುವುದು 1998ರ ಜೋಧಪುರದ ಕಡೆಯ ಸಿನಿಮಾ ನಟನ ಕೇಸು ಒಂದೇ.

ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿನಾಚೆ ರಾಣೇಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಮಾಡಿದರು. 119 ಚದರ ಕಿಲೋಮೀಟರು. ಒಳಗೆ ಸಾಕಷ್ಟು ಕಡೆ ನೀಲಗಿರಿ ತೋಪು. ಚಿಗರಿ ಬಯಲಿನ ಪ್ರಾಣಿ. ದೂರಕ್ಕೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು, ಗಿಡ್ಡ ಹುಲ್ಲು ಬೇಕು. ಬೇಲಿ ದಾಟಿದರೆ ಅದಕ್ಕೆ ಬೇಕಾದ್ದೆಲ್ಲ ರೈತನ ಹೊಲದಲ್ಲೇ ಇದೆ. ಹುಲ್ಲುಗಾವಲನ್ನು ಬರಡು ಜಮೀನು ಅಂತ ಕರೆದು ಗಿಡ ನೆಟ್ಟವರು, ಉತ್ತವರು, ಲೇಔಟ್ ಮಾಡಿದವರು ನಾವು. ಅದನ್ನು ಹಿಡಿಯುವ ತೋಳವನ್ನು ಓಡಿಸಿದವರೂ ನಾವೇ. ಹಳೆಯ ಸೀರೆಯನ್ನು ಹೊಲದ ಸುತ್ತ ಕಟ್ಟಿ, ಡಬ್ಬಿ ಬಾರಿಸುತ್ತ ರಾತ್ರಿ ಕಳೆಯುವ ಪಾಳಿ ಮಾತ್ರ ರೈತನದು.

ಕಾನೂನು ಏನನ್ನುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಕೆಲವು ಪ್ರಾಣಿಗಳಿಗೆ ಬೇಟೆ ಲೈಸೆನ್ಸ್ ಇತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಚಿಗರಿ ಇರೋದು ಒಂದನೇ ಅನುಸೂಚಿಯಲ್ಲಿ. ಅದರಲ್ಲಿದ್ದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬೇಕೆಂದರೆ ಅದು ಮನುಷ್ಯರ ಜೀವಕ್ಕೆ ಅಪಾಯವಾಗಿರಬೇಕು, ಇಲ್ಲವೇ ಗುಣವಾಗದಷ್ಟು ರೋಗ, ಗಾಯ ಆಗಿರಬೇಕು. ಬೆಳೆ ತಿಂದಿತು ಅನ್ನೋದು ಸಾಲದು. ಎರಡನೇ ಅನುಸೂಚಿಯ ಪ್ರಾಣಿಗಾದರೆ ನಿಂತ ಬೆಳೆಯ ನಷ್ಟವೂ ಕಾರಣವಾಗಬಹುದು. ಕಾಡುಹಂದಿ ಆ ಪಟ್ಟಿಯದು. ಕೇರಳ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರವರೆಗೆ ಇಳಿಸಿತು. ಚಿಗರಿಗೆ ಆ ದಾರಿ ಇಲ್ಲ. ಹೊಡೆದರೆ ಕನಿಷ್ಠ ಮೂರು ವರ್ಷ, ಏಳರವರೆಗೆ ಜೈಲು. ಚಹಾದಂಗಡಿಯಲ್ಲಿ ಲಾಟರಿ ಎತ್ತಿದವರಿಗೆ ಇದರ ಅರಿವೇ ಇರಲಿಲ್ಲ.

"ಕಾನೂನು ಬದಲಿಸಿದರಾಯ್ತು" ಅನ್ನುತ್ತಾರೆ. ಆಯ್ತು, ಬದಲಿಸಿ. ಆದರೆ ಈ ನೆಲದಲ್ಲಿ ಬೇಟೆಗೆ ಅವಕಾಶ ಇದ್ದಾಗ ಅದು ಯಾರಿಗಿತ್ತು ಅಂತ ಒಮ್ಮೆ ತಿರುಗಿ ನೋಡಿ. ಕೊಲ್ಹಾಪುರದ ಮಹಾರಾಜರು ಚೀತಾ ಸಾಕಿ ಅವನ್ನು ಚಿಗರಿ ಮೇಲೆ ಬಿಡುತ್ತಿದ್ದರು, ಅದು ರಾಜರ ಆಟ. ಬ್ರಿಟಿಷ್ ಸಾಹೇಬರು ಹೊಡೆದರೆ ಶಿಕಾರಿ, ಗೋಡೆ ಮೇಲೆ ಕೊಂಬು. 1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಒಪ್ಪದ ಹಲಗಲಿಯ ಬೇಡರ ಮೇಲೆ ಸೈನ್ಯ ಬಂತು. ಅವರ ಲಾವಣಿಯನ್ನು ನಾವು ಹತ್ತನೇ ಕ್ಲಾಸಿನಲ್ಲಿ ಓದಿ ಮಾರ್ಕ್ಸ್ ತೆಗೆದುಕೊಂಡಿದ್ದೇವೆ. ಬಲೆ, ಉರುಲು ಹಾಕಿ ಹೊಟ್ಟೆ ಹೊರೆಯುತ್ತಿದ್ದ ಹರಣಶಿಕಾರಿಗಳ ಹೆಸರಿನಲ್ಲೇ ಜಿಂಕೆ ಇದೆ. ಇಂಥ ಅಲೆಮಾರಿ ಸಮುದಾಯಗಳನ್ನು ಅಪರಾಧಿ ಬುಡಕಟ್ಟು ಕಾಯ್ದೆಯಡಿ ಹುಟ್ಟುತ್ತಲೇ ಕಳ್ಳರೆಂದು ಬರೆದು ಹಾಜರಿ ಕರೆದರು. ನಮ್ಮ ಹುಬ್ಬಳ್ಳಿಯ ಗಂಗಾಧರ ನಗರಕ್ಕೆ ಸೆಟ್ಲಮೆಂಟ್ ಅನ್ನುವ ಹೆಸರು ಬಂದದ್ದು ಆ ಕಾಯ್ದೆಯ ವಸಾಹತಿನಿಂದ. 1952ರಲ್ಲಿ ಕಾಯ್ದೆ ಹೋಯಿತು, ಹೆಸರು ಉಳಿಯಿತು. ಒಂದೇ ಪ್ರಾಣಿ, ಒಂದೇ ಬಯಲು. ಒಬ್ಬರಿಗೆ ಮೋಜು, ಇನ್ನೊಬ್ಬರಿಗೆ ಪೊಲೀಸ್ ರಿಜಿಸ್ಟರ್.

ಹಾಗಾಗಿ ನಾಳೆ ಪರ್ಮಿಟ್ ಬಂದರೆ ಅದು ಡಬ್ಬಿಯಿಂದ ಬರುತ್ತದೆ ಅಂತ ನಂಬಲು ನಾನು ತಯಾರಿಲ್ಲ. ವಶೀಲಿ ಇದ್ದವರಿಗೆ, ಫಾರ್ಮ್‌ಹೌಸ್ ಇದ್ದವರಿಗೆ, ಸಾಹೇಬರ ಪರಿಚಯ ಇದ್ದವರಿಗೆ ಹೋಗುತ್ತದೆ. ಹಾನಿಗೊಳಗಾದ ರೈತ ಆ ದಿನ ಜೀಪಿಗೆ ದಾರಿ ತೋರಿಸುವ ಆಳಾಗುತ್ತಾನೆ.

ಇನ್ನೊಂದು ವಾದ ಇದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಅಮೆರಿಕದಲ್ಲಿ ಬೇಟೆಗಾರರ ದುಡ್ಡಿನಿಂದಲೇ ವನ್ಯಜೀವಿ ಉಳಿದಿದೆ ಅನ್ನುತ್ತಾರೆ. ಬಹಳಷ್ಟು ನಿಜ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ತೋಟೆಗಳ ಮೇಲಿನ ತೆರಿಗೆ ಸಂರಕ್ಷಣೆಗೆ ಹೋಗುತ್ತದೆ, ಪರ್ಮಿಟ್ ಶುಲ್ಕವೂ ಆ ಇಲಾಖೆಗೆ. ಆದರೆ ಅಲ್ಲಿನ ಮೂಸ್ ಬಹುಪಾಲು ಇರೋದು ಮರದ ಕಂಪನಿಗಳ ವಿಶಾಲ ಕಾಡಿನಲ್ಲಿ. ಇಲ್ಲಿನ ಚಿಗರಿ ಇರೋದು ಎರಡು–ಮೂರು ಎಕರೆಯವನ ಹೊಲದಲ್ಲಿ. ಅಲ್ಲಿ ಬೇಟೆಗಾರ ಶುಲ್ಕ ಕಟ್ಟುತ್ತಾನೆ. ಇಲ್ಲಿ ರೈತ ಪ್ರತಿ ಮುಂಗಾರಿನಲ್ಲಿ ಬೆಳೆಯಾಗಿ ಕಟ್ಟುತ್ತಿದ್ದಾನೆ, ರಸೀದಿಯೂ ಇಲ್ಲ. ಸಂರಕ್ಷಣೆಗೆ ಈಗಾಗಲೇ ದುಡ್ಡು ಕೊಡುತ್ತಿರುವವನಿಗೆ ಲೆಕ್ಕ ಕೊಡದೆ, ಹೊಸದಾಗಿ ದುಡ್ಡು ಕೊಡಬಲ್ಲವನಿಗೆ ಬಂದೂಕು ಕೊಡುವುದು ಯಾವ ನ್ಯಾಯ?

ಬೆಳೆ ಪರಿಹಾರ ಇದೆಯಲ್ಲ ಅನ್ನಬಹುದು. ಇದೆ, ಅರ್ಜಿ ಆನ್‌ಲೈನ್ ಕೂಡ ಆಗಿದೆ. ಆದರೆ ಹುಲಿ ದನ ಕೊಂದರೆ ಹೆಣ ಇರುತ್ತದೆ, ಆನೆ ತುಳಿದರೆ ಹೆಜ್ಜೆ ಇರುತ್ತದೆ. ಚಿಗರಿ ಮೊಳಕೆ ಮೇಯ್ದರೆ ಮರುದಿನ ಹೊಲ ಸುಮ್ಮನೆ ಬರಿದಾಗಿ ಕಾಣುತ್ತದೆ. ಬಿತ್ತಿದ್ದು ಹುಟ್ಟಲಿಲ್ಲವೋ, ತಿಂದು ಹೋಯಿತೋ? ರೈತ ಮರುಬಿತ್ತನೆಗೆ ಮಳೆ ಹದ ಹಿಡಿಯಬೇಕು. ಪಂಚನಾಮೆಗೆ ಕಾದರೆ ಹದ ಹೋಯಿತು, ಬಿತ್ತಿದರೆ ಪುರಾವೆ ಹೋಯಿತು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧ ಮಾಡಿದರಂತೆ. ಈ ಒಂದು ಲಾಟರಿ ನಿಂತಿಲ್ಲ.

ಲಾಟರಿ ಬಗ್ಗೆ ನನಗೆ ದ್ವೇಷ ಇಲ್ಲ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಆರ್‌ಟಿಇ ಸೀಟಿಗೆ ಡ್ರಾ ಎತ್ತುವ ದಿನ ಅಪ್ಪ–ಅವ್ವಂದಿರು ಮೊಬೈಲ್ ಹಿಡಿದು ಕೂಡುವುದನ್ನು ನೋಡಿದ್ದೇನೆ. ಸೀಟು ಎಷ್ಟು ಅಂತ ಮೊದಲೇ ಗೊತ್ತಿದ್ದು, ಎಲ್ಲರ ಹೆಸರೂ ಒಂದೇ ಡಬ್ಬಿಯಲ್ಲಿದ್ದರೆ ಸೋತವನೂ ಒಪ್ಪುತ್ತಾನೆ. ಚಿಗರಿ ವಿಷಯದಲ್ಲಿ ಆ ಮೊದಲ ಸಂಖ್ಯೆಯೇ ಜನರ ಮುಂದಿಲ್ಲ. ಬಯಲಿನ ಎಣಿಕೆ ಹಳ್ಳಿವಾರು ಆಗಿ, ನಷ್ಟದ ಲೆಕ್ಕ ಪಂಚಾಯ್ತಿ ಬೋರ್ಡಿನ ಮೇಲೆ ಬಂದು, ಉಳಿದ ಹುಲ್ಲುಗಾವಲು ಉಳಿಸಿದ ಮೇಲೂ ಸಂಖ್ಯೆ ಹೆಚ್ಚಾಯಿತು ಅಂತಾದರೆ, ಹಿಡಿದು ಸಾಗಿಸುವುದೋ ಬೇರೇನೋ ಅನ್ನುವ ಚರ್ಚೆಗೆ ನಾನೂ ಬರುತ್ತೇನೆ. ಅದರಲ್ಲಿ ಮೊದಲು ಮಾತಾಡಬೇಕಾದವರು ಆ ಹೊಲದವರು, ಇಂಡಿಪಂಪ್‌ನ ನಾವಲ್ಲ.

ಅಲ್ಲಿಯವರೆಗೆ ನಮ್ಮಂಥ ಲ್ಯಾಪ್‌ಟಾಪ್‌ನವರು ಮಾಡಬಹುದಾದ ಕೆಲಸ ರೈಫಲ್ ಹುಡುಕುವುದಕ್ಕಿಂತ ಅಗ್ಗದ್ದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ಹಾಗಾದರೆ ಮೂರು ಅರ್ಜಿ ಹಾಕೋಣ. ನಮ್ಮ ಜಿಲ್ಲೆಗಳಲ್ಲಿ ಅಭಯಾರಣ್ಯದ ಹೊರಗೆ ಚಿಗರಿ ಎಣಿಸಿದ್ದು ಯಾವಾಗ, ಎಷ್ಟು? ಕಳೆದ ಐದು ವರ್ಷದಲ್ಲಿ ಚಿಗರಿ ಹಾನಿಗೆ ಬಂದ ಅರ್ಜಿ ಎಷ್ಟು, ದುಡ್ಡು ಮುಟ್ಟಿದ್ದು ಎಷ್ಟಕ್ಕೆ, ಎಷ್ಟು ದಿನಕ್ಕೆ? ಹುಲ್ಲುಗಾವಲು ಅಂತ ದಾಖಲೆಯಲ್ಲಿ ಉಳಿದಿರುವ ಜಮೀನು ಎಷ್ಟು, ಎಲ್ಲಿ? ಬೋಸ್ಟನ್‌ನ ಗೆಳೆಯ ಮುಂದಿನ ಡ್ರಾಗೆ ಅರ್ಜಿ ಹಾಕುವುದರೊಳಗೆ ನಮ್ಮ ಮೂರು ಅರ್ಜಿ ಹೋಗಿರಲಿ. ಮೂವತ್ತು ರೂಪಾಯಿ ನಾನು ಕೊಡ್ತೀನಿ, ಸಹಿ ಹಾಕಾಕ ಯಾರು ಬರ್ತೀರಿ ಹೇಳ್ರಿ.