ಬ್ರೇಕು ಹಾಕಿದಾಗ ನಡುಗುವ ಗಾಡಿ

ಒಕ್ಕಲುತನದ ಗಾಡಿ ಎಂದರೆ ಚಕ್ಕಡಿ ಎನ್ನುವ ಕಾಲ ಹಿಂದೆ ಬಿದ್ದಿದೆ. ಇಂದು ದುಧನಿಯ ಮಾರ್ಕೆಟ್ ಯಾರ್ಡಿಗೆ ತೊಗರಿ ಬರುವದು ಪಿಕಪ್ಪಿನಲ್ಲಿ. ಸೊಲ್ಲಾಪುರದ ಪೇಟೆಗೆ ಉಳ್ಳಾಗಡ್ಡಿ ಹೋಗುವದು ಪಿಕಪ್ಪಿನಲ್ಲಿ. ಮಾಲಿನ ಗಾಡಿಯಲ್ಲಿ ಜನರನ್ನು ಸಾಗಿಸಬಾರದೆಂಬ ಕಾಯದೆಯಿದ್ದರೂ ಕಳೆ ತೆಗೆಯುವ ಹೆಣ್ಣಾಳುಗಳು ಹೊಲಕ್ಕೆ ಹೋಗುವದೂ ಅದರಲ್ಲಿಯೇ. ಇಂಥ ಗಾಡಿ ಬ್ರೇಕು ಹಾಕಿದೊಡನೆ ಗಡಗಡ ನಡುಗತೊಡಗಿದರೆ ನಮ್ಮಲ್ಲಿ ಎರಡು ಬಗೆಯ ಜನರನ್ನು ಕಾಣುತ್ತೇವೆ. “ಇದರ ಚಾಳಿಯೇ ಹಿಂಗ” ಎಂದು ಸುಗ್ಗಿ ಮುಗಿಯುವ ತನಕ ಓಡಿಸುವವರು ಒಂದು ಬಗೆ. ಕೀಲಿಯನ್ನು ಮಿಸ್ತ್ರಿಯ ಕೈಗಿಟ್ಟು, ಅವನು ಹೇಳಿದ್ದಕ್ಕೆಲ್ಲ ಹಣ ಎಣಿಸುವವರು ಇನ್ನೊಂದು ಬಗೆ. ಈ ಎರಡೂ ಹಾದಿಗಳು ತಪ್ಪೆಂದು ನಮ್ಮ ಅಭಿಪ್ರಾಯ.

ಎತ್ತು ಕುಂಟಿದರೆ ನಾವೇನು ಮಾಡುತ್ತೇವೆ? ಯಾವ ಕಾಲೆಂದು ಮೊದಲು ನೋಡುತ್ತೇವೆ, ಗೊರಸು ಎತ್ತಿ ಮುಳ್ಳು ಹುಡುಕುತ್ತೇವೆ. ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆಸಲು ಓಡುವದಿಲ್ಲ. ಗಾಡಿಗೂ ಇದೇ ನ್ಯಾಯ ಸಲ್ಲಬೇಕು. ಬೇನೆ ಎಲ್ಲಿದೆಯೆಂದು ತಿಳಿಯುವ ಮುಂಚೆ ಟಾಯರು, ಬೇರಿಂಗು, ಪ್ಯಾಡು ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ತೊಗರಿಯ ಹಣವೆಲ್ಲ ಗ್ಯಾರೇಜಿನ ಪಾಲಾಗುವದು.

ಮೊದಲನೆಯ ಪ್ರಶ್ನೆ: ಬ್ರೇಕು ಮುಟ್ಟದೆ ಓಡಿಸುವಾಗಲೂ ನಡುಕವಿದೆಯೇ? ಇದ್ದರೆ ದೋಷ ಬ್ರೇಕಿನದಲ್ಲದೆ ಗಾಲಿಯದಿರಬಹುದು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ರಿಮ್ಮಿನ ಒಳಮೈಗೆ ಹತ್ತಿ ಒಣಗಿ ಕಲ್ಲಾಗುತ್ತದೆ. ಅಷ್ಟಕ್ಕೇ ಗಾಲಿಯ ತೂಕ ತಪ್ಪುತ್ತದೆ. ಆದುದರಿಂದ ಖರ್ಚಿಲ್ಲದ ಮೊದಲ ಮದ್ದು ಒಂದು ಕೊಡ ನೀರು. ಆದರೆ ಬ್ರೇಕು ಕಾದಿರುವಾಗ ನೀರು ಸುರಿಯಲಾಗದು. ತಣಿದ ಮೇಲೆಯೇ ತೊಳೆಯಬೇಕು.

ಎರಡನೆಯ ಪ್ರಶ್ನೆ: ನಡುಕ ಎಲ್ಲಿ ತಿಳಿಯುತ್ತದೆ? ಸ್ಟೇರಿಂಗು ಕೈಯಲ್ಲಿ ಕುಣಿದರೆ ಬಹುಶಃ ಮುಂದಿನ ಡಿಸ್ಕು. ಸೀಟು ಮತ್ತು ಹಿಂದಿನ ಮೈ ನಡುಗಿದರೆ ಬಹುಶಃ ಹಿಂದಿನ ಡ್ರಮ್ಮು. ಇದನ್ನು ಖಚಿತಪಡಿಸಲು ಒಂದು ಪರೀಕ್ಷೆಯುಂಟು. ಹಿಂದಿನ ಗಾಲಿಗಳಿಗೆ ಕೈಬ್ರೇಕು ಇರುವ ಗಾಡಿಯನ್ನು ಜನಸಂಚಾರವಿಲ್ಲದ ಸಮನಾದ, ಒಣಗಿದ ಬಯಲಿನಲ್ಲಿ, ಖಾಲಿಯಾಗಿ, ಗಂಟೆಗೆ 25 ಕಿಲೋಮೀಟರಿನಷ್ಟು ವೇಗದಲ್ಲಿ ಬಿಟ್ಟು, ಗುಂಡಿ ಒತ್ತಿ ಹಿಡಿದೇ ಕೈಬ್ರೇಕನ್ನು ಮೆಲ್ಲಗೆ ಎಳೆಯಬೇಕು. ಅದೇ ನಡುಕ ಬಂದರೆ ದೋಷ ಹಿಂದೆ. ಬಾರದಿದ್ದರೆ ಮುಂದಿನ ಗಾಲಿಗಳನ್ನು ನೋಡಬೇಕು. ಗಾಡಿ ಒಂದೇ ಮಗ್ಗುಲಿಗೆ ಎಳೆದರೆ ಅದು ಬೇರೆ ಬೇನೆ: ಟಾಯರಿನ ಗಾಳಿ ಹೆಚ್ಚುಕಡಿಮೆ, ಇಲ್ಲವೆ ಒಂದು ಕಡೆಯ ಬ್ರೇಕು ಹಿಡಿದುಕೊಂಡಿರುವದು. ಎ.ಬಿ.ಎಸ್. ಇರುವ ಹೊಸ ಗಾಡಿಯಲ್ಲಿ ಗಟ್ಟಿಯಾಗಿ ಒತ್ತಿದಾಗ ಕಾಲಿಗೆ ಟಕಟಕ ಎನ್ನುವದು ದೋಷವಲ್ಲ.

“ಡಿಸ್ಕು ಬಾಗಿದೆ” ಎನ್ನುವದು ಎಲ್ಲ ಕಡೆಯ ರೂಢಿಯ ಮಾತು. ನಿಜವಾಗಿ ಹೆಚ್ಚಿನ ಸಲ ಅದು ಬಾಗಿರುವದಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿರುತ್ತದೆ. ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು ಅಂತರವೂ ಕೈಗೆ ತಿಳಿಯಬಲ್ಲದು. ಇದಕ್ಕೆ ಕಾರಣಗಳು ನಮ್ಮ ಕೈಯಲ್ಲಿಯೇ ಇವೆ. ಹಬ್ಬಿನ ಮೇಲಿನ ತುಕ್ಕು ಉಜ್ಜದೆ ಡಿಸ್ಕು ಕೂಡ್ರಿಸುವದು ಒಂದು. ಗಾಲಿಯ ನಟ್ಟುಗಳನ್ನು ಪಾನೆಯ ಮೇಲೆ ನಿಂತು ಒಂದರ ಪಕ್ಕ ಒಂದು ಬಿಗಿಯುವದು ಇನ್ನೊಂದು. ಇದರಿಂದ ಡಿಸ್ಕು ತುಸು ಓರೆಯಾಗಿ ತಿರುಗಿ, ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ಸವೆಯುತ್ತದೆ. ಕಾದ ಬ್ರೇಕನ್ನು ಯಾರ್ಡಿನ ಬಾಗಿಲಲ್ಲಿ ಒತ್ತಿ ಹಿಡಿದು ನಿಲ್ಲುವದು ಮೂರನೆಯದು. ಪ್ಯಾಡಿನ ಕಸ ಅಲ್ಲಿಯೇ ಅಂಟುತ್ತದೆ.

ನಾಲ್ಕನೆಯ ಕಾರಣ ಅತಿಭಾರ. ಶಾಲೆಯ ಮಕ್ಕಳೂ ಬಲ್ಲ ಲೆಕ್ಕವಿದು: ಗಾಡಿ ಮಾಲು ಕೂಡಿದ ತೂಕ ಎರಡು ಪಟ್ಟಾದರೆ ಬ್ರೇಕು ನುಂಗುವ ಕಾವು ಎರಡು ಪಟ್ಟು, ವೇಗ 40ರಿಂದ 60ಕ್ಕೆ ಏರಿದರೆ ಎರಡೂಕಾಲು ಪಟ್ಟು. ಒಂದು ಖೇಪು ಉಳಿಸಲು ಹತ್ತು ಚೀಲ ಹೆಚ್ಚು ಹೇರಿದವನು ಆ ಉಳಿತಾಯವನ್ನು ಡಿಸ್ಕಿಗೆ ಕಟ್ಟುತ್ತಾನೆ.

ದುರಸ್ತಿಗೆ ಹೋದಾಗ ನಾವು ಕೇಳಬೇಕಾದುದು “ಅಳೆದು ತೋರಿಸು” ಎಂಬ ಒಂದೇ ಮಾತು. ಡಿಸ್ಕಿನ ಓರೆಯನ್ನು ಡಾಯಲ್ ಗೇಜಿನಿಂದಲೂ, ದಪ್ಪವನ್ನು ಮೈಕ್ರೋಮೀಟರಿನಿಂದ ಸುತ್ತಲೂ ಹಲವು ಕಡೆಗೂ ಅಳೆಯಬೇಕು. ಇದಕ್ಕಿಂತ ತೆಳುವಾಗಬಾರದೆಂಬ ಅಂಕೆಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಲೇಥಿಗೆ ಹಾಕಿದ ಮೇಲೆ ಆ ಅಂಕೆಗಿಂತ ಕೆಳಗಿಳಿಯುವದಿದ್ದರೆ ಹೊಸದನ್ನೇ ಹಾಕಬೇಕು, ಅದೂ ಎರಡೂ ಕಡೆಗೆ, ಹೊಸ ಪ್ಯಾಡಿನೊಂದಿಗೆ. ಬೇರಿಂಗು, ಬಾಲ್ ಜಾಯಿಂಟು, ಪಾಟಾದ ಬುಷ್ಷು ಸಡಿಲಿವೆಯೇ ಎಂದೂ ನೋಡಿಸಬೇಕು. ಇವು ಸಡಿಲಿದರೆ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಬ್ರೇಕಿನ ಧೂಳನ್ನು ಗಾಳಿಯಿಂದ ಊದಿಸಗೊಡಬಾರದು. ಅದು ಪುಪ್ಪುಸಕ್ಕೆ ವಿಷ. ಒದ್ದೆ ಅರಿವೆಯಿಂದ ಒರೆಸಿದರೆ ಸಾಕು. ನಟ್ಟುಗಳನ್ನು ಎದುರುಬದುರಾಗಿ, ಗಾಡಿಯ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು.

“ಇಷ್ಟೆಲ್ಲ ಸಾಮಾನು ಹಳ್ಳಿಯಲ್ಲಿ ಎಲ್ಲಿಂದ?” ಎಂದು ಕೇಳುವವರುಂಟು. ಒಬ್ಬೊಬ್ಬರು ಕೊಳ್ಳುವದು ಬೇಡ. ಔಷಧ ಹೊಡೆಯುವ ಪಂಪನ್ನು ನಾಲ್ಕು ಮನೆ ಕೂಡಿ ಕೊಳ್ಳುವ ನಾವು, ಊರ ಸೊಸೈಟಿಯ ಮೂಲಕ ಒಂದು ಡಾಯಲ್ ಗೇಜು, ಒಂದು ಮೈಕ್ರೋಮೀಟರು, ಒಂದು ಟಾರ್ಕ್ ಪಾನಾ ಕೊಂಡಿಡಲಾರೆವೇ? ಅದರ ಬಳಕೆಯನ್ನು ಊರ ಹುಡುಗರಿಬ್ಬರು ಕಲಿಯಲಿ. ಇನ್ನೊಂದು ಮಾತು: ಸೊಲ್ಲಾಪುರದ ಮಿಸ್ತ್ರಿಯ ಮುಂದೆ ಮರಾಠಿಯಲ್ಲಿ ತಡವರಿಸಿ, “ಏನೋ ನಡುಗುತೈತಿ” ಎಂದಷ್ಟೇ ಹೇಳಿ ಬರುವವರು ನಮ್ಮಲ್ಲಿ ಬಹಳ. ಯಾವ ವೇಗದಲ್ಲಿ, ಎಲ್ಲಿ, ಎಷ್ಟು ಭಾರವಿದ್ದಾಗ, ಕೈಬ್ರೇಕಿಗೂ ಬರುತ್ತದೆಯೋ ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದವನಿಗೆ ಯಾವ ಭಾಷೆಯ ಮಿಸ್ತ್ರಿಯೂ ಸುಮ್ಮನೆ ಏನನ್ನೋ ಹೇಳಲಾರ.

ನಡುಗುವ ಗಾಡಿ ನಿಲ್ಲುವದಕ್ಕೆ ಹೆಚ್ಚು ಹಾದಿ ಬೇಡಬಹುದು. ರಸ್ತೆಗೆ ಅಡ್ಡ ಬರುವ ಮಗುವಿಗೆ ಆ ಎರಡು ಮಾರು ಹಾದಿಯೇ ಆಯುಷ್ಯ. ಆದುದರಿಂದ ಬಾಂಧವರು ಸುಗ್ಗಿಯ ನೆಪ ಹೇಳದೆ, ಹೇರುವ ಮುಂಚೆ ಗಾಲಿ ನೋಡುವದನ್ನು ರೂಢಿಸಿಕೊಳ್ಳಲಿ.